ಹುಲ್ಲಪ್ಪನ ಪದ ಇದ್ದ ಡಿಸ್ಕು

ಫ್ಯಾನು ತಿರುಗಿತು, ಪರದೆಯ ಮೇಲೆ ಬೆಳಕು ಮೂಡಿತು. ಮುತ್ತುರಾಜ ಸ್ಕ್ರೂಡ್ರೈವರ್ ಕೆಳಗಿಟ್ಟು ಕೈ ಒರೆಸಿಕೊಂಡ.

"ನೋಡಕ್ಕ, ಹೇಳಿದ್ದಿಲ್ಲ? ಬೋರ್ಡು ಬದಲಿ ಮಾಡಿದ್ರ ಹುರಿಯಾಳಂಗ ಏಳ್ತೈತಿ ಅಂತ."

ಲಲಿತಾ ನಗುವ ಹೊತ್ತಿಗೆ ಪರದೆ ನೀಲಿಯಾಯಿತು. ಒಂದು ಉದ್ದನೆಯ ಕೀಲಿ ಸಂಖ್ಯೆ ಕೇಳಿ ಸುಮ್ಮನೆ ನಿಂತಿತು. ಮುತ್ತುರಾಜ ಮತ್ತೆ ಆಫ್ ಮಾಡಿ ಆನ್ ಮಾಡಿದ. ಮತ್ತೆ ಅದೇ ನೀಲಿ, ಮತ್ತೆ ಅದೇ ಪ್ರಶ್ನೆ. ಅವನ ಮುಖ ಇಳಿದದ್ದನ್ನು ಮೊದಲು ಕಂಡವನು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಹುಲ್ಲಪ್ಪ, ಲಲಿತಾಳ ಅಪ್ಪ. ಅವನು ಚಿಟಿಕೆ ಹೊಡೆದು ಏನು ಎಂಬಂತೆ ಗದ್ದ ಎತ್ತಿದ. ಕೇಳಲು ಅವನಿಗೆ ದನಿ ಇರಲಿಲ್ಲ. ಗಂಟಲಿನ ಗಡ್ಡೆಯ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದಿದ್ದರು. ಈಗ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಅರಿವೆ.

ಮುತ್ತುರಾಜನ ಅಂಗಡಿ ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ. ಲಲಿತಾ ಇಳಕಲ್ಲಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ, ಊರು ಮರೋಳ. ಮುಂಗಾರಿನ ಮೊದಲ ಸಿಡಿಲಿಗೆ ಮನೆಯ ಕರೆಂಟಿನ ಜೊತೆ ಲ್ಯಾಪ್‌ಟಾಪಿನ ಮದರ್‌ಬೋರ್ಡೂ ಸುಟ್ಟಿತ್ತು. ಹಳೆಯ ಬಿಡಿಭಾಗ ಮಾರುವ ಬಾಗಲಕೋಟೆಯ ಸಲ್ಮಾನನ ಹತ್ತಿರ ಮುತ್ತುರಾಜನಿಗೆ ಬೇರೊಂದು ಬೋರ್ಡು ಸಿಕ್ಕಿತು. ಸುಟ್ಟಿದ್ದನ್ನು ಅಲ್ಲೇ ಬದಲಿಗೆ ಕೊಟ್ಟು ಬಂದ. ಈ ಧಂದೆಯಲ್ಲಿ ಎಲ್ಲರೂ ಮಾಡುವುದೇ ಹಾಗೆ.

"ಅಕ್ಕಾ, ಡಿಸ್ಕಿಗೆ ಬೀಗ ಬಿದ್ದೈತಿ," ಎಂದ.

"ನಾ ಎಂದೂ ಬೀಗ ಹಾಕಿಲ್ಲಲ್ಲ?"

"ನೀ ಹಾಕಬೇಕಂತಿಲ್ಲ, ಅದ ಹಾಕ್ಕೊಂತೈತಿ. ಬೋರ್ಡಿನ್ಯಾಗ ಒಂದ ಚಿಪ್ಪಿರ್ತೈತಿ, ಅದಕ್ಕ ಅಷ್ಟ ಡಿಸ್ಕಿನ ಗುರುತು. ಬೋರ್ಡ್ ಬದಲಾತಂದ್ರ ಮಾಲಕರನ್ನೂ ಕಳ್ಳರು ಅಂತೈತಿ. ಈಗ ಕೀಲಿ ಬೇಕು. ಕೀಲಿ ಖಾತೇದಾಗ ಇರ್ತೈತಿ."

"ಯಾವ ಖಾತೆ?"

"ಹೊಸಾದು ತಂದಾಗ ವಿಂಡೋಸಿಗೆ ನಾನ ತಗದಿದ್ನೆಲ್ಲ, ಅದು."

ಹೊಸ ಲ್ಯಾಪ್‌ಟಾಪು ತಂದವರನ್ನು ಮುತ್ತುರಾಜ ಯಾವಾಗಲೂ ಕೇಳುತ್ತಿದ್ದ, ಖಾತೆಗೆ ಯಾವ ಫೋನ್ ನಂಬರು ಹಾಕಲಿ ಎಂದು. 'ನಿಂದ ಹಾಕೋ ಮಾರಾಯಾ, ನಮಗೇನ ತಿಳೀತೈತಿ' ಎನ್ನುತ್ತಿದ್ದರು. ಲಲಿತಾಳೂ ಅಂದಿದ್ದಳು. ಅವನು ತನ್ನ ನಂಬರು ಹಾಕಿದ್ದ. ಪಾಸ್‌ವರ್ಡು ಎಲ್ಲ ಗಿರಾಕಿಗಳಿಗೂ ಒಂದೇ, ಅದು ಈಗಲೂ ನೆನಪಿತ್ತು. ಆದರೆ ಅಷ್ಟಕ್ಕೆ ಕೀಲಿ ತೋರಿಸುವುದಿಲ್ಲ, ನಂಬರಿಗೆ ಒಟಿಪಿ ಹೋಗುತ್ತದೆ. ಆ ಸಿಮ್ಮಿಗೆ ರೀಚಾರ್ಜು ತುಟ್ಟಿಯಾಯಿತೆಂದು ಮುತ್ತುರಾಜ ಬಿಟ್ಟು ಬಹಳ ದಿನವಾಗಿತ್ತು.

"ಹಂಗಾದ್ರ ಸಲ್ಮಾನಗ ಫೋನ್ ಹಚ್ಚು. ಹಳೇ ಬೋರ್ಡ ರಿಪೇರಿ ಮಾಡಂತನ್ನು."

ಹಚ್ಚಿದ. ಸಲ್ಮಾನ ಆಗಲೇ ಅದರ ಚಿಪ್ಪುಗಳನ್ನು ಕಿತ್ತು, ಉಳಿದದ್ದನ್ನು ಗುಜರಿಗೆ ಹಾಕಿದ್ದ. "ಸುಟ್ಟ ಬೋರ್ಡಿಗೆ ಯಾರರ ಪೂಜೆ ಮಾಡ್ತಾರೇನಲೇ?" ಎಂದು ನಕ್ಕ. ಮುತ್ತುರಾಜ ಸ್ಪೀಕರ್ ಆಫ್ ಮಾಡಿದ.

ಶಾಲೆಯ ಅಂಕಪಟ್ಟಿ ಹೋದರೆ ಲಲಿತಾ ಮತ್ತೆ ಮಾಡಿಕೊಂಡಾಳು. ಆದರೆ ಡಿಸ್ಕಿನಲ್ಲಿ ಹುಲ್ಲಪ್ಪ ಹಾಡಿದ ಡೊಳ್ಳಿನ ಪದಗಳಿದ್ದವು. ಮರೋಳದ ಬೀರಪ್ಪನ ಗುಡಿಯ ಮೇಳದಲ್ಲಿ ಮುಖ್ಯ ಹಾಡುಗಾರ ಅವನು. ಡೊಳ್ಳು ಕಟ್ಟಿ ನಿಂತನೆಂದರೆ ಬೀರಪ್ಪನ ಹುಟ್ಟಿನಿಂದ ಹಿಡಿದು ಕಡೆಯವರೆಗೆ ಒಂದೂ ನುಡಿ ತಪ್ಪದೆ ಬೆಳಗು ಹರಿಸುತ್ತಿದ್ದ. ಆ ಮೇಳದಲ್ಲಿ ಒಂದು ಕಟ್ಟಳೆ. ಹಾಡುಗಾರನ ಬಾಯಿ ನಡೆಯುತ್ತಿರುವ ತನಕ ಉಳಿದವರು ಸೊಲ್ಲು, ಅಂದರೆ ಪಲ್ಲವಿ, ಹಿಡಿಯಬೇಕೇ ಹೊರತು ಪದದ ನುಡಿ ಎತ್ತಬಾರದು, ಮನೆಯಲ್ಲಿ ಕುಳಿತು ರೂಢಿ ಕೂಡ ಮಾಡಬಾರದು. ಹಾಡುಗಾರ ಮುಪ್ಪಾದಾಗ ಒಬ್ಬನನ್ನು ಕರೆದು, ಎದುರು ಕೂರಿಸಿ, ನುಡಿ ನುಡಿಯಾಗಿ ಬಾಯಿಗೆ ಹಾಕುತ್ತಾನೆ. ಹುಲ್ಲಪ್ಪನ ಗುರು ಹಾಗೇ ಹಾಕಿದ್ದ. ಹುಲ್ಲಪ್ಪನಿಗೆ ಮುಪ್ಪಿಗಿಂತ ಮೊದಲು ಗಡ್ಡೆ ಬಂತು.

ಆಪರೇಶನ್ನಿಗೆ ದಿನ ಗೊತ್ತಾದ ಮೇಲೆ ಲಲಿತಾ ಲ್ಯಾಪ್‌ಟಾಪಿಗೆ ಮೈಕು ಸಿಗಿಸಿ ಎದುರಿಗಿಟ್ಟಳು. ಒಡೆದ ದನಿಯಲ್ಲಿ, ಬಿಸಿನೀರು ಕುಡಿಯುತ್ತ, ನಡುವೆ ರಕ್ತ ಉಗುಳುತ್ತ ಅವನು ಪೂರ್ತಿ ಹಾಡಿದ. ಮೇಳದಲ್ಲಿ ಸೊಲ್ಲು ಹಿಡಿಯುತ್ತಿದ್ದ ಲಲಿತಾಳ ತಮ್ಮ ಹಣಮೇಶ ಅದನ್ನು ಕೇಳಿ ಕಲಿಯಬೇಕು ಎಂದಾಗಿತ್ತು. ಅವನು ಕೇಳಲಿಲ್ಲ. "ಲ್ಯಾಪ್‌ಟಾಪಿನ್ಯಾಗ ಐತೆಲ್ಲ, ಎಲ್ಲಿ ಓಡಿ ಹೋಗ್ತೈತಿ?" ಎನ್ನುತ್ತ ಕುರಿಗಳ ಹಿಂದೆ ತಿರುಗಿದ. ನೆಟ್ಟಿಗೆ ಏರಿಸೋಣವೆಂದರೆ ಮರೋಳದಲ್ಲಿ ಸಿಗ್ನಲ್ಲು ಬೇಕಾದಾಗ ಬರುತ್ತಿರಲಿಲ್ಲ.

"ಫೋನರ ಮಾಡಿ ನೋಡು, ನಿನ್ನ ಹಳೇ ನಂಬರಿಗೆ," ಎಂದಳು ಲಲಿತಾ. "ಯಾರರ ತಗೊಂಡಿರಬೇಕು."

ಫೋನು ಹತ್ತುವ ಮೊದಲು, ಒಟಿಪಿ ಯಾರಿಗೂ ಹೇಳಬೇಡಿ, ವಂಚಕರಿದ್ದಾರೆ ಎಂದು ಹೆಣ್ಣುದನಿಯೊಂದು ಎಚ್ಚರಿಸಿತು. ಆಮೇಲೆ ಗಂಟೆಯ ಸದ್ದು, ಜನರ ಗಲಾಟೆ. "ಯಾರ ಬೇಕಾಗಿತ್ರಿ? ಬಾಳಮ್ಮ ಮಾತಾಡಾದು. ಏ ಅಕ್ಕಾರ, ಬರ್ರಿ, ಬನಶಂಕರಮ್ಮನ ಪರಸಾದ ಆದ ಮ್ಯಾಲ ರೊಟ್ಟಿ ತಿಂದ ಹೋಗ್ರಿ!"

"ಯವ್ವಾ, ನಿಮ್ಮ ನಂಬರಿಗೆ ಒಂದ ಒಟಿಪಿ ಬರ್ತೈತಿ..." ಎಂದು ಮುತ್ತುರಾಜ ಶುರುಮಾಡಿದ.

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ.

ಹುಲ್ಲಪ್ಪ ಆಗಲೇ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದ.

ಬನಶಂಕರಿ ಗುಡಿ, ರೊಟ್ಟಿ ಮಾರುವ ಬಾಳಮ್ಮ, ಹುಡುಕಲು ಅಷ್ಟು ಗುರುತು ಸಾಕಿತ್ತು. ಮರುದಿನ ಮೂವರೂ ಹೋದರು. ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿ, ಅಲ್ಲಿಂದ ಟಂಟಂ ಆಟೊ ಹಿಡಿದು ಚೊಳಚಗುಡ್ಡ. ಬಸ್ಸಿನಲ್ಲಿ ಧೂಳು ಬಂದಾಗಲೆಲ್ಲ ಹುಲ್ಲಪ್ಪ ತೂತಿನ ಮೇಲೆ ಅಂಗೈ ಇಡುತ್ತಿದ್ದ. ಕೆಮ್ಮು ಬಂದರೆ ಬಾಯಿಯಿಂದಲ್ಲ, ಕುತ್ತಿಗೆಯಿಂದ ಬರುತ್ತಿತ್ತು. ಮುಂದಿನ ಸೀಟಿನ ಹೆಂಗಸು ಮಗುವನ್ನು ಎತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತಳು. ಮುತ್ತುರಾಜ ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಅವಚಿಕೊಂಡಿದ್ದ. ತಾನು ಬರಬೇಕೆಂದೇನೂ ಇರಲಿಲ್ಲ ಎಂದು ಒಮ್ಮೆ ಅನ್ನಿಸಿತು. ನಂಬರು ತನ್ನದೇ ಆಗಿತ್ತಲ್ಲ ಎಂದೂ ಅನ್ನಿಸಿತು.

ಬನಶಂಕರಿ ಗುಡಿಯ ಮುಂದೆ ಹೆಂಗಸರು ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು. ಬಾಳಮ್ಮ ಯಾರೆಂದು ಕೇಳಿದರೆ ಮೂರನೆಯವಳೇ ಕೈ ಎತ್ತಿದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು.

"ಬರ್ರಿ, ಕುಂದರ್ರಿ. ಮೂರ ಮಂದಿಗೆ ಹಚ್ಚಲೇನು?"

ಲಲಿತಾ ಕುಳಿತು, ಮೆಲ್ಲಗೆ ಎಲ್ಲ ಹೇಳಿದಳು. ಬಾಳಮ್ಮ ರೊಟ್ಟಿ ಹಾಕುವುದನ್ನು ನಿಲ್ಲಿಸಿ ಕೇಳಿದಳು. ಒಟಿಪಿ ಎನ್ನುವ ಮಾತು ಬಂದ ಕೂಡಲೇ ಫೋನನ್ನು ಸೊಂಟಕ್ಕೆ ಸಿಗಿಸಿ ಸೆರಗು ಮುಚ್ಚಿದಳು.

"ನಿನ್ನೆ ಮಾಡಿದವರು ನೀವ ಏನು?"

"ಹೌದು ಬೇ. ಬರೇ ಒಂದ ಸಲ..."

"ಅವನೂ ಬರೇ ಒಂದ ಸಲ ಅಂದಿದ್ದ. ಬ್ಯಾಂಕಿನಾಂವ ಅಂದ, ಅವ್ವಾ ಅವ್ವಾ ಅಂತ ಜೇನ ಹಚ್ಚಿ ಮಾತಾಡಿದ. ಸಂಘದ ದುಡ್ಡೂ ಹೋತು, ನನ್ನ ಮಾನಾನೂ ಹೋತು. ನನ್ನ ಮಗ ಯುವರಾಜ ಆರ ತಿಂಗಳ ನನ್ನ ಕೂಡ ಮಾತಾಡ್ಲಿಲ್ಲ."

"ನೋಡ ಬೇ, ಇವರ ನಮ್ಮಪ್ಪ." ಲಲಿತಾ ಫೋನಿನಲ್ಲಿ ಡೊಳ್ಳು ಕಟ್ಟಿದ ಹುಲ್ಲಪ್ಪನ ಫೋಟೊ ತೋರಿಸಿದಳು.

"ಅವನೂ ಫೋಟೊ ಕಳಿಸಿದ್ದ. ದವಾಖಾನ್ಯಾಗ ಮಲಗಿದ ಕೂಸಿಂದು. ಅತ್ತಬಿಟ್ಟಿದ್ದೆ ನಾ."

ಮುತ್ತುರಾಜ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದ. ಯಂತ್ರ ಕಂಡರೆ ನಂಬಿಯಾಳು ಎಂದುಕೊಂಡಿದ್ದ, ಆದದ್ದು ಉಲ್ಟಾ. ಪಕ್ಕದ ಹೆಂಗಸು, "ಏ, ಒಟಿಪಿಯವರು ಊರಿಗೇ ಬಂದಾರ ನೋಡ್ರೆವಾ!" ಎಂದು ಕೂಗಿದಳು. ಕಾಯಿ ಮಾರುವವ ಬಂದ, ಟಂಟಂನವರು ಬಂದರು. ಒಬ್ಬ ಮುತ್ತುರಾಜನ ಕಾಲರಿಗೆ ಕೈ ಹಾಕಿದ.

"ಲ್ಯಾಪ್‌ಟಾಪ್ ಹಿಡಕೊಂಡ ಬಂದೀಯೇನಲೇ ಮಗನ? ಯಾವೂರಾಂವ ನೀ?"

"ಹುನಗುಂದರಿ, ಅಂಗಡಿ ಐತ್ರಿ, ಬೇಕಾದ್ರ..."

ಮಾತು ಮುಗಿಯುವ ಮೊದಲೇ ಕೆನ್ನೆಗೆ ಒಂದು ಬಿತ್ತು. ಲಲಿತಾ ನಡುವೆ ನುಗ್ಗಿ, "ಕೈ ಬಿಡ್ರಿ, ನಾ ಸಾಲಿ ಟೀಚರ್ ಅದೇನಿ" ಎಂದು ಕಿರುಚಿದಳು. "ಈಗ ಟೀಚರೂ ಇದನ್ನ ಮಾಡ್ತಾರೇನು?" ಎಂದು ಯಾರೋ ನಕ್ಕರು.

ಹುಲ್ಲಪ್ಪ ಬಾಯಿ ತೆರೆದ. ತುಟಿಗಳು ಅಲ್ಲಾಡಿದವು, ಕುತ್ತಿಗೆಯ ಅರಿವೆ ಉಬ್ಬಿ ಇಳಿಯಿತು, ಸುಯ್ ಎಂಬ ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಮೈಕಿಲ್ಲದೆ ಊರಿಗೆ ಊರೇ ಕೇಳುವಂತೆ ಹಾಡುತ್ತಿದ್ದವನು ಇವ ಕಳ್ಳನಲ್ಲ ಎಂಬಷ್ಟು ಹೇಳಲಾರದೆ ನಿಂತ. ಕಡೆಗೆ ಅರಿವೆಯನ್ನು ಕಿತ್ತು ತೆಗೆದ. ಕುತ್ತಿಗೆಯ ತೂತು, ಸುತ್ತ ಕಪ್ಪಾದ ಚರ್ಮ, ಒಸರುವ ಲೋಳೆ. ಜನ ಹಿಂದೆ ಸರಿದರು. ಕಾಲರು ಹಿಡಿದವನು ಕೈ ಬಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕರುಣೆಗಿಂತ ಹೇಸಿಗೆಯೇ ಹೆಚ್ಚಿತ್ತು ಎಂದು ಮುತ್ತುರಾಜನಿಗೆ ತಿಳಿಯಿತು. ಆದರೂ ಪೆಟ್ಟು ನಿಂತಿತ್ತು.

"ಮುಚ್ಕೋರಿ ಯಪ್ಪಾ, ಗಾಳಿ ಹೊಕ್ಕೀತು," ಎಂದಳು ಬಾಳಮ್ಮ. ಜನ ಚದುರಿದ ಮೇಲೆ ಹುಲ್ಲಪ್ಪನ ಮುಂದೆ ಎಲೆ ಹಾಕಿ, ರೊಟ್ಟಿ ಮುರಿದು, ಮೊಸರು ಸುರಿದು, ಅವನ ಗಂಟಲಿಗೆ ಇಳಿಯುವಂತೆ ತಾನೇ ಕಿವುಚಿದಳು. "ಖರೇನ ಇರಬೇಕು ನೀವು ಹೇಳೂದು. ರೊಟ್ಟಿ ಬೇಕಾದಷ್ಟ ತಿನ್ರಿ, ರೊಕ್ಕ ಕೊಡಬ್ಯಾಡ್ರಿ. ನಂಬರ ಅಷ್ಟ ಕೇಳಬ್ಯಾಡ್ರಿ. ಮಗನ ಮ್ಯಾಲ ಆಣಿ ಮಾಡೇನಿ."

"ಮಗಗ ಫೋನ್ ಹಚ್ಚ ಬೇ, ನಾ ಮಾತಾಡ್ತೇನಿ," ಎಂದಳು ಲಲಿತಾ.

"ಹಚ್ಚಿದ್ರ ಮತ್ತ ಮಾತ ಬಿಡ್ತಾನ ತಂಗಿ."

ಲಲಿತಾ ಕೈ ಮುಗಿದಳು, ಕಾಲು ಹಿಡಿಯಲು ಬಗ್ಗಿದಳು. ಬಾಳಮ್ಮ ಕಾಲು ಹಿಂದಕ್ಕೆಳೆದುಕೊಂಡು ಅಳತೊಡಗಿದಳು, ಆದರೆ ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ಹುಲ್ಲಪ್ಪ ಎಲೆಯಲ್ಲಿದ್ದುದನ್ನು ಪೂರ್ತಿ ತಿಂದ. ಕೈ ತೊಳೆದು, ಮಗಳ ರಟ್ಟೆ ಹಿಡಿದು ಎಬ್ಬಿಸಿದ.

ಮುಂದಿನ ಸೋಮವಾರ ಅಪ್ಪ ಮಗಳು ಅಂಗಡಿಗೆ ಬಂದರು, ಈ ಸಲ ಹಣಮೇಶನೂ ಜೊತೆಗಿದ್ದ. ಮುತ್ತುರಾಜ ಒಂದು ದಾರಿ ಹುಡುಕಿಟ್ಟಿದ್ದ.

"ಅಕ್ಕಾ, ಬ್ಯಾರೆ ಡಿಸ್ಕ್ ಹಾಕಿ ಅದರಾಗ ವಿಂಡೋಸ್ ಹಾಕ್ಕೊಡ್ತೇನಿ. ಸಾಲಿ ಕೆಲಸ ನಡೀತೈತಿ. ಹಳೇ ಡಿಸ್ಕ್ ತಗದು ಜ್ವಾಕ್ಯಾಗಿ ಇಡು. ಮುಂದ ಎಂದರ ತೆರೀಬಹುದು."

"ಎಂದರ ಅಂದ್ರ?"

"ಎಂದರ." ಅವನಿಗೇ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಆ ಬೀಗ ಹಾಗೆ ತೆರೆಯುವಂಥದ್ದಲ್ಲ.

ಹಣಮೇಶನ ಮುಖ ಅರಳಿತು. "ಹಂಗ ಮಾಡಕ್ಕ. ಎಲ್ಲಿ ಹೋಗ್ತೈತಿ, ಡಿಸ್ಕಿನ್ಯಾಗ ಇದ್ದ ಇರ್ತೈತಿ. ತೆರಿಯೂತನಕ ಮೇಳದಾಗ ಸಣ್ಣಪುಟ್ಟ ಪದ ಹಾಡಿ ಹೊತ್ತ ಕಳದ್ರಾತು."

ಹುಲ್ಲಪ್ಪ ಮಗನನ್ನೇ ನೋಡಿದ.

ಹೊಸ ಬೋರ್ಡಿನ ಮೇಲೆ ಇನ್‌ಸ್ಟಾಲ್ ಸರಿಯಾಗಿ ಓಡುತ್ತದೆಯೇ ನೋಡಲು ಮುತ್ತುರಾಜ ಪೆನ್‌ಡ್ರೈವ್ ಸಿಗಿಸಿದ್ದ. ಹಳೆಯ ಡಿಸ್ಕನ್ನು ಇನ್ನೂ ತೆಗೆದಿರಲಿಲ್ಲ; ಪರದೆಯ ಮೇಲೆ ಅದರ ಹೆಸರು, ಕೆಳಗೆ ಅದನ್ನು ಅಳಿಸಿ ವಿಂಡೋಸ್ ಹಾಕುವ ಗುಂಡಿ. ಅಷ್ಟರಲ್ಲಿ ಹುಲ್ಲಪ್ಪ ಎದ್ದು ಬಂದು ಅವನ ಮುಂಗೈ ಹಿಡಿದ. ಬೆರಳಿನಿಂದ ಪರದೆ ತೋರಿಸಿ, ಕೈಯನ್ನು ಗಾಳಿಯಲ್ಲಿ ಒರೆಸಿದ, ಹಲಗೆ ಒರೆಸುವಂತೆ.

"ಹೌದು ಕಾಕಾ, ಅದನ್ನ ಒತ್ತಿದ್ರ ಎಲ್ಲಾ ಹೋಗ್ತೈತಿ. ಹೋತಂದ್ರ ಹೋತು."

ಹುಲ್ಲಪ್ಪ ತಲೆಯಾಡಿಸಿ, ಮೌಸ್ ಹಿಡಿದು ಒತ್ತಿದ. ಖಾತ್ರಿಯೇ ಎಂದು ಯಂತ್ರ ಕೇಳಿತು. ಅವನಿಗೆ ಓದಲು ಬಾರದು, ಆದರೂ ಏನು ಕೇಳಿದೆ ಎಂದು ತಿಳಿದಂತೆ ಮತ್ತೆ ಒತ್ತಿದ. ಮುತ್ತುರಾಜ ತಡೆಯಬಹುದಿತ್ತು. ಕೈ ಏಳಲಿಲ್ಲ.

"ಯಪ್ಪಾ!" ಲಲಿತಾ ಕಿರುಚಿದಳು. "ಏನ ಮಾಡಿದ್ಯೋ! ಯಾಕ ಮಾಡಿದ್ಯೋ!"

ಹುಲ್ಲಪ್ಪ ಹಣಮೇಶನ ಹತ್ತಿರ ಹೋಗಿ, ಎರಡು ಬೆರಳಿನಿಂದ ಅವನ ತುಟಿಗೆ ಬಡಿದ. ಮೆಲ್ಲಗಲ್ಲ.

"ನನಗ ಬರೂದಿಲ್ಲಪಾ," ಎಂದ ಹಣಮೇಶ. ಇಷ್ಟು ಹೊತ್ತಿನ ನಿರಾಳ ಅವನ ಮುಖದಿಂದ ಇಳಿದುಹೋಗಿತ್ತು. "ನಿನ್ನಾಣಿ ಬರೂದಿಲ್ಲ. ಸೊಲ್ಲು ಅಷ್ಟ ಬರ್ತಾವು."

ಹುಲ್ಲಪ್ಪ ಕೌಂಟರಿನ ಹಲಗೆಯ ಮೇಲೆ ಅಂಗೈಯಿಂದ ಪೆಟ್ಟು ಹಾಕಿದ. ಡೊಳ್ಳಿನ ಮೇಲೆ ಪದ ಎತ್ತುವ ಪೆಟ್ಟು. ಹಣಮೇಶ ಅಕ್ಕನ ಕಡೆ ನೋಡಿದ, ಮುತ್ತುರಾಜನ ಕಡೆ ನೋಡಿದ. ಕಣ್ಣು ಮುಚ್ಚಿ ಮೊದಲ ನುಡಿ ಎತ್ತಿದ. ದನಿ ಒಡೆಯಿತು, ಆದರೂ ನುಡಿ ಮುಗಿಯಿತು. ಎರಡನೆಯದಕ್ಕೆ ಬಾಯಿ ತೆರೆದು ಹಾಗೇ ನಿಂತ. ಪೆಟ್ಟು ಅವನಿಗಾಗಿ ಕಾಯಿತು. ನುಡಿ ಎತ್ತಿಕೊಡುವವರು ಯಾರೂ ಇರಲಿಲ್ಲ. ಪರದೆಯ ಮೇಲೆ ಹೊಸ ವಿಂಡೋಸ್ ತುಂಬತೊಡಗಿತ್ತು.

ಹುಲ್ಲಪ್ಪ ಕೈ ತಡೆದ. ಕುತ್ತಿಗೆಯ ಅರಿವೆ ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ ಬಡಿಯತೊಡಗಿದ.