ಬೀಗದ ಮುಂದೆ ಇಂಗ್ಲಿಷ್ ಮೇಷ್ಟ್ರು

ಬೀಗ ತೆಗೆಯಲು ನನ್ನನ್ನು ಕರೆಸಿದವರು ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು. ಗಾಳಿಗೆ ಬಾಗಿಲು ಬಡಿದು ಬೀಗ ಬಿದ್ದಿತ್ತು. ಬೀಗದ ಕೈ ಒಳಗಿತ್ತು, ಒಲೆಯ ಮೇಲೆ ಹಾಲೂ ಇತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಎಲ್ಲವೂ ನೆನಪಿತ್ತು. ‘ಹ್ಯಾವ್’ ಅನ್ನುವ ಕಡೆ ‘ಹ್ಯಾಸ್’ ಅಂದದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಸರಿಯಾದ ವಾಕ್ಯವನ್ನು ಹತ್ತು ಸಲ ಜೋರಾಗಿ ಹೇಳಿಸಿ, "ಇವರಪ್ಪನ ಹತ್ರ ಏನೂ ಇಲ್ಲ, ಇವನಿಗ್ಯಾಕ್ರೋ ಈ ಪದ?" ಎಂದು ಇಡೀ ತರಗತಿಯನ್ನು ನಗಿಸಿದ್ದರು. ಮರುದಿನದಿಂದ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ.

"ಬೇಗ ತೆಗಿಯಪ್ಪ, ಹಾಲು ಸೀದುಹೋಗುತ್ತೆ," ಎಂದರು.

"ಮನೆ ನಿಮ್ದೇ ಅಂತ ಏನ್ ಗ್ಯಾರಂಟಿ ಸಾರ್? ಇಂಗ್ಲಿಷಲ್ಲಿ ಹೇಳಿ, ಜೋರಾಗಿ."

ಅಷ್ಟರಲ್ಲಿ ಅಕ್ಕಪಕ್ಕದವರು ಮೆಟ್ಟಿಲ ಬಳಿ ಸೇರಿದ್ದರು. ಮೇಷ್ಟ್ರು ಬೆವರು ಒರೆಸಿಕೊಂಡರು.

"ಐ ಹ್ಯಾವ್ ಎ ಹೌಸ್."

"ಬೀಗದ ಕೈ?"

"ಐ ಡೋಂಟ್ ಹ್ಯಾವ್ ದಿ ಕೀ."

ಯಾರೋ ಕಿಸಕ್ಕನೆ ನಕ್ಕರು. ಆಗ ಮೇಷ್ಟ್ರು ನನ್ನ ಮುಖವನ್ನು ದಿಟ್ಟಿಸಿದರು.

"ಲೇ, ನೀನಾ?"

ಕಿಟಕಿಯಿಂದ ಸೀದ ವಾಸನೆ ಹೊರಗೆ ಬಂತು. ನಾನು ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಆರಾಮಾಗಿ ಕುಳಿತೆ.

"ಇನ್ನೂ ಒಂಬತ್ತು ಸಲ ಹೇಳಿ ಸಾರ್. ನಂಗೇನೂ ಅವಸರ ಇಲ್ಲ."