ಓವನ್ನಿನೊಳಗಿನ ಹಿಟ್ಟು

ಡಿಪೋದಲ್ಲಿ ಎಲ್ಲರೂ ಅವಳನ್ನು ಹುಳಿಯಮ್ಮ ಎಂದೇ ಕರೆಯುತ್ತಿದ್ದರು. ಸಿಟಿ ಬಸ್ ಓಡಿಸುವ ಹೆಂಗಸು ಅಂಗಡಿ ಬ್ರೆಡ್ಡನ್ನು ಮೂಸಿಯೂ ನೋಡದೆ, ಮನೆಯಲ್ಲೇ ಹಿಟ್ಟು ಹುಳಿಬರಿಸಿ ಬ್ರೆಡ್ ಸುಡುತ್ತಾಳೆಂದರೆ ಯಾರು ಸುಮ್ಮನಿರುತ್ತಾರೆ? ಬೆಳಗಿನ ಪಾಳಿಗೆ ಮೊದಲು ಹಿಟ್ಟು ಕಲಸುವುದು, ಮಧ್ಯಾಹ್ನದ ಬಿಡುವಿನಲ್ಲಿ ಮನೆಗೋಡಿ ಉಬ್ಬಿದ್ದನ್ನು ಅದುಮಿ ಮಡಚಿಡುವುದು, ಸಂಜೆ ಸುಡುವುದು. ಚಳಿಗಾಲವಾದ್ದರಿಂದ ಹಿಟ್ಟಿನ ಪ್ಲಾಸ್ಟಿಕ್ ಬೋಗುಣಿಗೆ ಬಟ್ಟೆ ಮುಚ್ಚಿ, ಆಫ್ ಮಾಡಿದ ಓವನ್ನಿನೊಳಗೆ ಬೆಚ್ಚಗಿಟ್ಟು ಬರುತ್ತಿದ್ದಳು.

ಆ ದಿನ ಬದಲಿ ಡ್ರೈವರ್ ಕೈಕೊಟ್ಟ. ಬಿಡುವು ತಪ್ಪಿತು. ಬಸ್ ಹೊರಡುವ ಮುಂಚೆ ಅಪ್ಪನಿಗೆ ಫೋನ್ ಮಾಡಿದಳು. ಅವರಿಗೆ ಈಚೆಗೆ ಮರೆವು. ಸ್ನಾನ ಮಾಡಿ ಬಂದು ಮತ್ತೆ ಟವೆಲ್ ಕೇಳುವಷ್ಟು.

“ಅಪ್ಪಾ, ಓವನ್ನಲ್ಲಿರೋ ಹಿಟ್ಟು ತೆಗೆದು ಮಡಚಿ, ಮತ್ತೆ ಮುಚ್ಚಿಡು. ಅಷ್ಟೇ.”

“ಓವನ್ ಆಗ್ಲೇ ಆನ್ ಮಾಡಿದೀನಿ ಕಣೇ. ಬ್ರೆಡ್ ಸುಡ್ಬೇಕು ಅಂದಿದ್ಯಲ್ಲ, ಬಿಸಿ ಆಗ್ಲಿ ಅಂತ.”

“ಆಫ್ ಮಾಡು! ಒಳಗೆ ಬೋಗುಣಿ ಇದೆ! ಅಪ್ಪಾ?”

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಬಸ್ಸಿನ ದಾರಿ ಅವಳ ಬೀದಿಯ ಮೇಲೇ ಇತ್ತು. ಅದಕ್ಕಿಂತ ಬೇಗ ಮನೆ ಮುಟ್ಟುವ ಉಪಾಯ ಹೊಳೆಯಲಿಲ್ಲ. ಫೋನನ್ನು ಕಂಡಕ್ಟರನ ಕೈಗೆ ತುರುಕಿ, “ಮಾಡ್ತಾನೇ ಇರು” ಎಂದು ಗೇರ್ ಹಾಕಿದಳು. ಸ್ಟೇರಿಂಗ್ ಮೇಲೆ ಅಂಗೈ ಜಾರುತ್ತಿತ್ತು. ಒಂದು ಸ್ಟಾಪಿನಲ್ಲಿ ಅಜ್ಜಿಯೊಬ್ಬಳು ಕಂಬಿ ಹಿಡಿದು, ಸುಧಾರಿಸಿಕೊಂಡು, ಮೆಟ್ಟಿಲು ಹತ್ತುವಾಗ ಕಿರುಚಿಬಿಡಬೇಕೆನಿಸಿತು.

“ಎತ್ತುತ್ತಿಲ್ಲ ಅಕ್ಕಾ,” ಎಂದ ಕಂಡಕ್ಟರ್.

ತಿರುವು ದಾಟುತ್ತಲೇ ಮಹಡಿಯ ಮೇಲಿನ ಅವಳ ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಕಂಡಿತು. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಮೆಟ್ಟಿಲು ಹತ್ತಿ ಓಡಿದಳು. ಕಂಡಕ್ಟರ್ ಫೈರ್ ಎಂಜಿನ್‌ಗೆ ಫೋನ್ ಮಾಡುತ್ತಾ ಹಿಂದೆಯೇ ಓಡಿದ. ಬಾಗಿಲಿಗೆ ಒಳಗಿನಿಂದ ಚಿಲಕ. ಎಷ್ಟು ಬಡಿದರೂ ಉಸಿರಿಲ್ಲ. ಅವನು ಭುಜ ಕೊಟ್ಟು ಗುದ್ದಿದ, ಚಿಲಕ ಕಿತ್ತುಬಂತು.

ಮೂಗಿಗೆ ಕರ್ಚೀಫು ಒತ್ತಿ ಒಳನುಗ್ಗಿ ಮೇನ್ ಸ್ವಿಚ್ ಆರಿಸಿದಳು. ಅಡುಗೆಮನೆಯಲ್ಲಿ ಅಪ್ಪ ಇಲ್ಲ. ಮಂಚದ ಮೇಲೆ ಇಲ್ಲ.

ಬಚ್ಚಲಲ್ಲಿದ್ದರು. ತುಂಬಿದ ಬಕೆಟ್ಟನ್ನು ಕಾಲ ನಡುವೆ ಇಟ್ಟುಕೊಂಡು, ಕೆಮ್ಮುತ್ತಾ ನೆಲದ ಮೇಲೆ ಕೂತಿದ್ದರು.

“ನೀರು ಹಿಡ್ಯೋಕೆ ಬಂದೆ ಕಣೇ. ಆಮೇಲೆ ಯಾಕೆ ಬಂದೆ ಅನ್ನೋದೇ ಮರ್ತೋಯ್ತು.”

ಇಬ್ಬರೂ ಸೇರಿ ಅವರನ್ನು ಹೊತ್ತು ಕೆಳಗಿಳಿಸಿದರು. ಬಸ್ಸಿನವರು ಯಾರೂ ಗೊಣಗಲಿಲ್ಲ. ಯಾರೋ ನೀರಿನ ಬಾಟಲಿ ಕೊಟ್ಟರು. ಫೈರ್ ಎಂಜಿನ್‌ನವರು ಬಂದು ಓವನ್ನಿನ ಬೆಂಕಿ ಆರಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ನೋಡಿ, ಜೀವಕ್ಕೇನೂ ಭಯವಿಲ್ಲ ಎಂದರು.

ಈಗ ಸಂಜೆ ಮನೆಗೆ ಬಂದಮೇಲೆಯೇ ಹಿಟ್ಟು ಕಲಸುತ್ತಾಳೆ, ಮಡಚಿ ಫ್ರಿಜ್ಜಿನಲ್ಲಿಡುತ್ತಾಳೆ, ರಜೆಯ ದಿನ ಸುಡುತ್ತಾಳೆ. ಹಗಲು ಚಿಕ್ಕಮ್ಮ ಬಂದು ಅಪ್ಪನ ಜೊತೆ ಇರುತ್ತಾರೆ. ಆದರೂ ಮನೆಗೆ ಫೋನ್ ಮಾಡಿದಾಗ ಎತ್ತುವುದು ಸ್ವಲ್ಪ ತಡವಾದರೆ ಸಾಕು, ಹುಳಿಯಮ್ಮನ ಬಾಯಿ ಒಣಗುತ್ತದೆ.