ಒಂದು ಬಾವಿ, ನಾಲ್ಕು ಕಪಿಲೆ

ಬೈರಕೂರಿನ ಮುನಿಗಂಗಮ್ಮನ ಹೊಲದ ಬಾವಿಯ ಬಳಿ ಆ ಬೆಳಿಗ್ಗೆ ಅಣ್ಣತಮ್ಮಂದಿರು ಬಾರುಕೋಲು ಹಿಡಿದು ನಿಂತಿದ್ದರು. ಎತ್ತುಗಳಿಗೆ ಹೊಡೆಯುವುದಕ್ಕಲ್ಲ, ಒಬ್ಬರಿಗೊಬ್ಬರು ಬಾರಿಸುವುದಕ್ಕೆ.

ಆದದ್ದಿಷ್ಟು. ಮುನಿಗಂಗಮ್ಮನ ಗಂಡ ಚನ್ನರಾಯಪ್ಪ ಇದ್ದಾಗ ಆ ಬಾವಿಗೆ ಒಂದೇ ಕಪಿಲೆ. ಒಂದು ಜೊತೆ ಎತ್ತು ತೊಗಲಿನ ಚೀಲದಲ್ಲಿ ನೀರೆಳೆದರೆ ನಾಲ್ಕೆಕರೆ ಹಸಿರಾಗಿರುತ್ತಿತ್ತು. ಅವನು ತೀರಿಕೊಂಡ ಮೇಲೆ ನಾಲ್ವರು ಗಂಡುಮಕ್ಕಳೂ ಪಾಲಾದರು. ಹೊಲಕ್ಕೆ ಬದು ಹಾಕಬಹುದು, ಬಾವಿಗೆ ಹಾಕಲಾದೀತೇ? ಸರದಿ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಬಾವಿಯ ನಾಲ್ಕು ಮಗ್ಗುಲಿಗೂ ನಾಲ್ಕು ಕಪಿಲೆ ಹೂಡಿಬಿಟ್ಟರು. "ನಾಕು ಗಂಡು ಹೆತ್ತಿದ್ದಕ್ಕೆ ನಾಕು ಕಪಿಲೆ ಕಂಡೆ" ಎಂದು ಮುನಿಗಂಗಮ್ಮ ಊರೆಲ್ಲ ಹೇಳಿಕೊಂಡು ಬಂದಳು. ಕಪಿಲೆ ನಾಲ್ಕಾದರೆ ನೀರೂ ನಾಲ್ಕರಷ್ಟಾಗುತ್ತದೆ ಎಂದುಕೊಂಡಿದ್ದರು, ಪುಣ್ಯಾತ್ಮರು! ಒರತೆ ಮಾತ್ರ ತನ್ನ ಪಾಡಿಗೆ ತಾನು ಮೊದಲಿನಷ್ಟೇ ಊರುತ್ತಿತ್ತು. ಹೊತ್ತು ಮಾರುದ್ದ ಏರುವಷ್ಟರಲ್ಲಿ ಚೀಲದಲ್ಲಿ ಬರೀ ಕೆಸರು ಬರತೊಡಗಿತು.

"ನನ್ನ ಮನೇಲಿ ಏಳು ಮಕ್ಕಳವೆ ಕಣೋ, ನೀರು ನಂಗೆ ಮೊದಲು!" ಎಂದು ಹಿರಿಯವನು ಶ್ರೀರಾಮಪ್ಪ ಕೂಗಿದ.

"ನನ್ನ ಮನೇಲೂ ಮೂರವೆ. ಅವೇನು ಮಣ್ಣು ತಿನ್ತವಾ?" ಎಂದ ಕಿರಿಯವನು ರಾಮಚಂದ್ರಪ್ಪ.

ಮುನಿಗಂಗಮ್ಮ ಇಬ್ಬರ ನಡುವೆ ಹೋಗಿ ನಿಂತಳು. ಇಬ್ಬರೂ ಕೋಲು ಇಳಿಸಿ, ತಂತಮ್ಮ ಎತ್ತು ಬಿಚ್ಚಿಕೊಂಡು ಹೋದರು.

ಅವಳು ತಾನಿದ್ದ ಕಿರಿಯ ಮಗನ ಮನೆಗೆ ಬಂದಾಗ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಶ್ಯಾಮಲಮ್ಮ ಜಗಲಿಯ ಮೇಲೆ ಕೂತಿದ್ದಳು. ಸುತ್ತಲ ಹಳ್ಳಿಗಳ ಹೆರಿಗೆಗೆಲ್ಲ ಅವಳೇ. ಕಿರಿಯ ಸೊಸೆ ಭಾರತಮ್ಮ ಎಂಟು ತಿಂಗಳ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಆರು ವರ್ಷದಲ್ಲಿ ಐದು ಹೆತ್ತಿದ್ದಳು. ಎರಡು ಹೋಗಿ ಮೂರು ಉಳಿದಿದ್ದವು. ಮುಖದಲ್ಲಿ ರಕ್ತ ಅನ್ನುವುದೇ ಇರಲಿಲ್ಲ.

"ಅಮ್ಮ, ಭಾರತಮ್ಮ ಈ ತಿಂಗಳು ಹೊರಗೆ ಕೂತಿಲ್ಲವಂತೆ. ಹನ್ನೊಂದು ದಿನ ಮೇಲಾಯ್ತು" ಎಂದಳು ಶ್ಯಾಮಲಮ್ಮ.

ಮುನಿಗಂಗಮ್ಮನ ಮುಖ ಅರಳಿತು. "ಒಳ್ಳೇದೇ ಆಯ್ತಲ್ಲ! ಇನ್ನೊಂದು ಗಂಡಾಗ್ಲಿ."

"ಒಳ್ಳೇದಲ್ಲಮ್ಮ. ಹೋದ ಹೆರಿಗೇಲಿ ಎಷ್ಟು ರಕ್ತ ಹೋಯ್ತು, ನೀವೇ ಕಂಡಿದ್ದೀರಿ. ಇಷ್ಟು ಬೇಗ ಇನ್ನೊಂದಾದ್ರೆ ತಾಯಿ ಉಳಿಯೋದು ಕಷ್ಟ. ನಾನು ಹೆದರಿಸ್ತಿಲ್ಲ, ನಂಗೇ ಹೆದರಿಕೆ ಆಗ್ತಿದೆ."

"ನಾನು ಒಂಬತ್ತು ಹೆತ್ತೆ, ಗುಂಡುಕಲ್ಲಿನಂಗೆ ಇದ್ದೀನಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ಒಂಬತ್ತರಲ್ಲಿ ಉಳಿದದ್ದೆಷ್ಟಮ್ಮ?"

"ನಾಕು ಗಂಡು, ಒಂದು ಹೆಣ್ಣು ದೊಡ್ಡವಾದವು. ಅದಕ್ಕೇ ಹೇಳೋದು. ಯಾವುದು ಉಳೀತದೋ ಯಾವುದು ಹೋಗ್ತದೋ, ಹೆಚ್ಚಿಗೆ ಇರಬೇಕು."

"ಆಗಿನ ಲೆಕ್ಕ ಅದು" ಎಂದಳು ಶ್ಯಾಮಲಮ್ಮ ಮೆಲ್ಲಗೆ. "ಈಗ ಸಿಡುಬು ಬರದ ಹಾಗೆ ಮಕ್ಕಳಿಗೆ ದೇವಿ ಹಾಕ್ತೀವಿ, ಜ್ವರಕ್ಕೆ ಕ್ವಿನೈನು ಕೊಡ್ತೀವಿ. ಮೊದಲಿಗಿಂತ ಹೆಚ್ಚು ಉಳೀತವೆ, ಸಂತೋಷಾನೇ. ಆದ್ರೆ ಹುಟ್ಟೋದು ಮಾತ್ರ ಮೊದಲಿನ ಹಾಗೇ. ಹೋದ ವರ್ಷ ಖಾನೇಷುಮಾರಿಯವರು ಬಂದು ತಲೆ ಎಣಿಸಿದರಲ್ಲ, ಹತ್ತು ವರ್ಷದಲ್ಲಿ ನಮ್ಮ ದೇಶದಲ್ಲಿ ಹತ್ತಿರ ಹತ್ತಿರ ಐದು ಕೋಟಿ ಬಾಯಿ ಹೆಚ್ಚಾಗಿದೆಯಂತೆ. ಪ್ರಪಂಚದಲ್ಲಿ ಇನ್ನೂರು ಕೋಟಿ ದಾಟಿದೆಯಂತೆ. ಭೂಮಿ ಎಷ್ಟು ಹೆಚ್ಚಾಯ್ತು ಹೇಳಿ? ಕಡಿಮೆ ಬಿದ್ದಾಗ ಬರ್ಮಾ ಅಕ್ಕಿ ಬರ್ತಿತ್ತು. ಯುದ್ಧ ಬಂತು, ಅದೂ ನಿಂತುಹೋಯ್ತು."

"ಹೆಚ್ಚು ಕೈ ಇದ್ರೆ ಹೆಚ್ಚು ದುಡೀತವೆ."

"ಬಾವಿಗೆ ನಾಕು ಕಪಿಲೆ ಹೂಡಿದ್ದೂ ಹಾಗೇ ಅಂದ್ಕೊಂಡಲ್ಲವಾ ಅಮ್ಮ?"

ಮುನಿಗಂಗಮ್ಮನಿಗೆ ಸಿಟ್ಟು ಬಂತು. "ನಮ್ಮ ಮನೆ ವಿಚಾರ ನಾವು ನೋಡ್ಕೋತೀವಿ" ಎಂದು ಎದ್ದಳು.

ಶ್ಯಾಮಲಮ್ಮ ಭಾರತಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿ, ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಮಗಳು ಅಂಜಮ್ಮ ತೀರಿಕೊಂಡಾಗ ಅವಳ ಕೈಕೂಸಿಗೆ ಎಷ್ಟು ತಿಂಗಳಾಗಿತ್ತಮ್ಮ?"

ಮುನಿಗಂಗಮ್ಮ ನಿಂತಲ್ಲೇ ನಿಂತಳು. ಶ್ರೀನಿವಾಸಪುರಕ್ಕೆ ಕೊಟ್ಟ ಒಬ್ಬಳೇ ಮಗಳು. ಆರನೇ ಹೆರಿಗೆಯಲ್ಲಿ ಹೋಗಿದ್ದಳು. ಹಣೆಬರಹ ಎಂದು ಎಲ್ಲರೂ ಅಂದಿದ್ದರು, ಅವಳೂ ಅಂದಿದ್ದಳು. ಐದನೇ ಕೂಸು ಆಗ ತಾನೆ ಗೋಡೆ ಹಿಡಿದು ಹೆಜ್ಜೆ ಇಡುತ್ತಿತ್ತು. ಸತ್ತ ತಾಯಿಯ ಸೆರಗು ಎಳೆದು ಹಾಲಿಗಾಗಿ ಅತ್ತಿತ್ತು. ಬೇಗ ಬೇಗ ಹೆತ್ತದ್ದೇ ಮಗಳನ್ನು ತಿಂದಿತು ಎಂಬುದು ಈ ನಾಲ್ಕು ವರ್ಷದಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ.

"ಹನ್ನೆರಡು ತಿಂಗಳು" ಎಂದಳು.

ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಸೊಸೆ ಕೊಡ ಎತ್ತಿದರೆ ಓಡಿಹೋಗಿ ಕಸಿದುಕೊಳ್ಳುವಳು. ಊಟಕ್ಕೆ ಕೂತಾಗ ನೋಡುತ್ತಾಳೆ, ಭಾರತಮ್ಮ ತನ್ನ ಪಾಲಿನ ಮುದ್ದೆಯನ್ನು ಮಕ್ಕಳಿಗೆ ಮುರಿದು ಕೊಟ್ಟು ತಾನು ಬರೀ ಅಂಬಲಿ ಕುಡಿಯುತ್ತಿದ್ದಳು! ಎಷ್ಟು ದಿನದಿಂದಲೋ, ದೇವರೇ ಬಲ್ಲ. "ಇದು ತಿನ್ನು, ನಂಗೆ ಹಸಿವಿಲ್ಲ" ಎಂದು ತನ್ನ ಮುದ್ದೆಯನ್ನು ಅವಳ ಗಂಗಳಕ್ಕೆ ಹಾಕಿದಳು. ದಿನಾ ಬೆಳಗಾದರೆ ಸೊಸೆಯ ಮುಖ ನೋಡುವುದು, ಹೊರಗಾದೆಯಾ ಎಂದು ಕೇಳಲು ಹೆದರಿ ಕೊಟ್ಟಿಗೆಗೆ ಹೋಗುವುದು. ಹೀಗೇ ಇನ್ನೂ ಆರು ದಿನ ಕಳೆದವು.

ಏಳನೆಯ ದಿನ ಬೆಳಿಗ್ಗೆ ಭಾರತಮ್ಮ ಒಳಗೆ ಬರದೆ ಹಿತ್ತಲ ಬಾಗಿಲಲ್ಲೇ ನಿಂತು ಕರೆದಳು. "ಅತ್ತೆ, ಹೊರಗಾದೆ. ಚಾಪೆ ಕೊಡಿ."

ಸೊಸೆ ಹೊರಗಾದಳೆಂದರೆ ಇಷ್ಟು ದಿನ ಮುಖ ಸಿಂಡರಿಸುತ್ತಿದ್ದ ಮುನಿಗಂಗಮ್ಮ ಒಲೆಯ ಮುಂದೆ ಕುಸಿದು ಕೂತು ಅತ್ತುಬಿಟ್ಟಳು. ಅಳು ಉಕ್ಕಿದರೆ ಅವಳ ಬಾಯಿಗೆ ತವರಿನ ತೆಲುಗೇ ಬರುವುದು. "ಚಾಲಮ್ಮಾ ಚಾಲು! ಸಾಕು, ಈ ಭಯ ಸಾಕು!"

ಅವತ್ತೇ ಶ್ಯಾಮಲಮ್ಮನನ್ನು ಕರೆಸಿದಳು. ಹೆರಿಗೆಗೂ ಹೆರಿಗೆಗೂ ಅಂತರ ಇಡುವುದು ಹೇಗೆ ಎಂದು ಬೆಂಗಳೂರಿನ ಹೆಂಗಸರ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರೇ ತಿಳಿಸಿ ಹೇಳುತ್ತಾರೆಂದೂ, ಗಂಡ ಹೆಂಡತಿ ಇಬ್ಬರೂ ಹೋಗುವುದು ಮೇಲೆಂದೂ ಶ್ಯಾಮಲಮ್ಮ ಹೇಳಿದಳು.

ರಾಮಚಂದ್ರಪ್ಪ ತಲೆ ಕೆರೆದುಕೊಂಡ. "ಅಲ್ಲಮ್ಮ, ಇಂಥದ್ದಕ್ಕೆಲ್ಲ ಆಸ್ಪತ್ರೆಗೆ ಹೋದ್ರೆ ಜನ ಏನಂತಾರೆ?"

"ಲೇ, ಅಂಜಮ್ಮನ ಹೆಣ ಹೊರೋಕೆ ಊರ ಜನವೆಲ್ಲ ಬಂದಿದ್ರು. ಅವಳ ಮಕ್ಕಳಿಗೆ ಹಾಲು ಕುಡಿಸೋಕೆ ಒಬ್ಬರಾದ್ರೂ ಬಂದ್ರೇನ್ಲಾ? ಗುರುವಾರ ಬಸ್ಸಿಗೆ ಹೊರಡಾಣ. ನಾನೂ ಬರ್ತೀನಿ."

ಓದುವ ಅಣ್ಣಂದಿರೇ, ಕೇಳುವ ಅಕ್ಕಂದಿರೇ, ಕಂಕುಳಲ್ಲಿ ಒಂದು ಹೊಟ್ಟೆಯಲ್ಲಿ ಒಂದು ಎಂದು ಬಳಲುವ ಹೆಣ್ಣು ನಿಮ್ಮ ಮನೆಯಲ್ಲೂ ಇದ್ದಾಳೇನೋ, ಇವತ್ತು ಊಟಕ್ಕೆ ಕೂತಾಗ ನೋಡಿ. ಇರುವ ಭೂಮಿ ಇಷ್ಟೇ, ಇರುವ ನೀರು ಇಷ್ಟೇ. ಬಾಯಿ ಹೆಚ್ಚಿದಷ್ಟೂ ತುತ್ತು ಚಿಕ್ಕದಾಗುತ್ತದೆ. ಹುಟ್ಟಿದ ಮಗುವಿಗೆ ಹೊಟ್ಟೆ ತುಂಬಾ ಅನ್ನ ಸಿಗಲಿ, ತಾಯಿಗೆ ಮೈ ಸುಧಾರಿಸಿಕೊಳ್ಳಲು ಎರಡು ಮೂರು ವರ್ಷವಾದರೂ ಸಿಗಲಿ. ನಿಮ್ಮ ಊರಿನ ನರ್ಸಮ್ಮನನ್ನು ನಾಚಿಕೆಪಡದೆ ಕೇಳಿ, ಗಂಡಸರೂ ಕೇಳಿ. ಮುನಿಗಂಗಮ್ಮ ಮಗಳನ್ನು ಕಳೆದುಕೊಂಡ ಮೇಲೆ ಕೇಳಿದಳು. ನೀವು ಅಷ್ಟು ದಿನ ಕಾಯಬೇಡಿ.